ಹಳಮೆ ಹಚ್ಚಿದ ತಾಮ್ರ

ಅಗ್ಗದ ಹೊಸ ಡೈವರ್ ವಾಚೊಂದನ್ನು ಕೊಂಡು, ಅದು ಐವತ್ತು ವರ್ಷ ಉಪ್ಪುನೀರು ಕುಡಿದು ಬಂದದ್ದು ಎಂದು ಕಾಣುವಂತೆ ಮಾಡುವ ಹವ್ಯಾಸ ಈಗ ಹಲವು ದೇಶಗಳಲ್ಲಿದೆ. ಡಯಲಿನ ಸುತ್ತ ತಿರುಗುವ ಕಪ್ಪು ಬಳೆಯನ್ನು ಬ್ಲೀಚಿನಲ್ಲಿ ಅದ್ದಿ ಬೂದಿಬಣ್ಣಕ್ಕೆ ಇಳಿಸುತ್ತಾರೆ. ಕತ್ತಲಲ್ಲಿ ಹೊಳೆಯುವ ಬಿಳಿ ಚುಕ್ಕಿಗಳಿಗೆ ಚಹಾದ ಕಷಾಯ ಸವರಿ ಕೆನೆಬಣ್ಣ ತರುತ್ತಾರೆ. ಉಕ್ಕಿನ ಮೈಗೆ ಗೀರು ಹಾಕುತ್ತಾರೆ, ಡಯಲನ್ನು ವಾರಗಟ್ಟಲೆ ಬಿಸಿಲಿಗಿಡುತ್ತಾರೆ. ಇವರು ಅನುಕರಿಸುತ್ತಿರುವುದು ಏನನ್ನು ಎಂದು ವಿಚಾರಿಸಿದರೆ ಒಂದು ವಿಚಿತ್ರ ಹೊರಬೀಳುತ್ತದೆ. 1960 ಮತ್ತು 70ರ ದಶಕಗಳ ವಾಚುಗಳಲ್ಲಿ ಬೆಳಕಿಗೆಂದು ವಿಕಿರಣಶೀಲ ಟ್ರಿಟಿಯಂ ಬೆರೆಸಿದ ಬಣ್ಣ ಬಳಿಯುತ್ತಿದ್ದರು. ಕಾಲ ಸರಿದಂತೆ ಅದು ಹಳದಿಗೆ ತಿರುಗಿತು. 1990ರ ದಶಕದಿಂದೀಚೆಗೆ ಬಂದ, ವಿಕಿರಣವಿಲ್ಲದ ಬಣ್ಣ ಹಾಗೆ ಹಳದಿಯಾಗುವುದಿಲ್ಲ. ಎಂದರೆ ಹೊಸ ವಾಚನ್ನು ಅದರ ಪಾಡಿಗೆ ಬಿಟ್ಟು ನಿಜವಾಗಿ ಐವತ್ತು ವರ್ಷ ಕಾದರೂ ಈ ಹವ್ಯಾಸಿ ಬಯಸುವ ರೂಪ ಅದಕ್ಕೆ ಬಾರದು. ಅವನು ಮಾಡುತ್ತಿರುವುದು ಮುಪ್ಪಿನ ನಕಲಲ್ಲ, ಇಂದಿನ ಸಂಗ್ರಾಹಕರು ಯಾವ ಮುಪ್ಪನ್ನು ಮೆಚ್ಚುತ್ತಾರೋ ಅದರ ನಕಲು. ಕೃತಕ ಹಳಮೆ ತಾನು ನಟಿಸುವ ಕಾಲವನ್ನು ತೋರಿಸುವುದಿಲ್ಲ, ತನ್ನನ್ನು ಮಾಡಿದವರ ಕಾಲವನ್ನೇ ತೋರಿಸುತ್ತದೆ ಎಂಬುದು ನನ್ನ ವಾದ. ಇದಕ್ಕೆ ವಾಚಿಗಿಂತ ಗಟ್ಟಿಯಾದ ಸಾಕ್ಷಿ ಕೊಲ್ಲಾಪುರ ಸೀಮೆಯ ನೆಲದಲ್ಲಿದೆ, ಅದೂ ತಾಮ್ರದ ಮೇಲೆ.

ಇಚಲಕರಂಜಿ ಸೇರಿರುವ ಹಾತಕಣಂಗಲೆ ತಾಲ್ಲೂಕಿನಲ್ಲಿ ಆಳತೆ ಎಂಬ ಊರಿದೆ. ಅಲ್ಲಿಯದೆಂದು ಹೆಸರಾದ ಒಂದು ತಾಮ್ರಶಾಸನ 1878ರಲ್ಲಿ ಇಂಡಿಯನ್ ಆಂಟಿಕ್ವೆರಿ ಪತ್ರಿಕೆಯಲ್ಲಿ ಅಚ್ಚಾಯಿತು. ಶಾಸನದ ಮಾತಿನಂತೆ ಅದು ಬಾದಾಮಿ ಚಾಲುಕ್ಯರ ಮೊದಲನೆಯ ಪುಲಕೇಶಿಯ ಕಾಲದ್ದು, ಶಕ 411ರದು, ಎಂದರೆ ಕ್ರಿ.ಶ. 489ರದು. ಕುಹುಂಡಿ ವಿಷಯವನ್ನು ಆಳುತ್ತಿದ್ದ, ಸೇಂದ್ರಕ ವಂಶದ ಸಾಮಿಯಾರ ಎಂಬ ಸಾಮಂತ ಅಲಕ್ತಕನಗರದಲ್ಲಿ ಜಿನಾಲಯ ಕಟ್ಟಿಸಿದ್ದು, ಅದಕ್ಕೆ ಭೂಮಿ ಬಿಟ್ಟದ್ದು ಅದರ ವಿಷಯ. ಅಲಕ್ತಕನಗರವೆಂದರೆ ಆಳತೆ. ಜಯಸಿಂಹ, ರಣರಾಗ, ಪುಲಕೇಶಿ ಎಂಬ ರಾಜರ ಸಾಲು ಅಲ್ಲಿದೆ. ಸಾಮಿಯಾರನ ತಂದೆ ತಾತಂದಿರ ಹೆಸರಿದೆ. ಸಿದ್ಧನಂದಿಯಿಂದ ಜಿನನಂದಿಯವರೆಗೆ ಜೈನ ಗುರುಗಳ ಪರಂಪರೆ ಇದೆ. ಮೇಲುನೋಟಕ್ಕೆ ಯಾವ ಕೊರತೆಯೂ ಇಲ್ಲ. ಆದರೂ ಅದನ್ನು ಪ್ರಕಟಿಸಿದ ಜಾನ್ ಫೇತ್‌ಫುಲ್ ಫ್ಲೀಟ್ ಮುಂದೆ 1901ರಲ್ಲಿ ಅದೇ ಪತ್ರಿಕೆಯಲ್ಲಿ ಭಾರತದ ಖೊಟ್ಟಿ ಶಾಸನಗಳ ಪಟ್ಟಿ ಮಾಡಿದಾಗ ಆಳತೆಯದನ್ನೂ ಅದರಲ್ಲಿ ಸೇರಿಸಿದ. ಫ್ಲೀಟ್ ದೂರದ ಪಂಡಿತನಲ್ಲ. ಕೊಲ್ಲಾಪುರ ಮತ್ತು ದಕ್ಷಿಣ ಮರಾಠಾ ಪ್ರದೇಶದಲ್ಲಿ ಸಹಾಯಕ ಪೊಲಿಟಿಕಲ್ ಏಜೆಂಟನಾಗಿ ದುಡಿದವನು, ಕನ್ನಡನಾಡಿನ ರಾಜವಂಶಗಳ ಚರಿತ್ರೆಗೆ ಮೊದಲ ಚೌಕಟ್ಟು ಹಾಕಿದವನು. ಅವನ ಲೆಕ್ಕ ಸರಳವಾಗಿತ್ತು. ಬಾದಾಮಿಯ ಮೂರನೆಯ ಗುಹೆಯ ಬರಹದಲ್ಲಿ ಶಕ 500, ಎಂದರೆ 578, ಪುಲಕೇಶಿಯ ಮಗ ಕೀರ್ತಿವರ್ಮನ ಆಳ್ವಿಕೆಯ ಹನ್ನೆರಡನೆಯ ವರ್ಷ. ಹಾಗಾದರೆ ಕೀರ್ತಿವರ್ಮ ಪಟ್ಟಕ್ಕೆ ಬಂದದ್ದು 566ರ ಆಸುಪಾಸು. 489ರಲ್ಲೇ ಅರಸನಾಗಿದ್ದ ತಂದೆ ಅಲ್ಲಿಯವರೆಗೆ ಎಪ್ಪತ್ತೇಳು ವರ್ಷ ಸಿಂಹಾಸನದಲ್ಲಿ ಕೂತಿರಬೇಕಾಗುತ್ತದೆ. ಫ್ಲೀಟ್ ತೀರಿಕೊಂಡದ್ದು 1917ರಲ್ಲಿ. ಅದಾಗಿ ಬಹಳ ವರ್ಷಗಳ ಮೇಲೆ ಬಾದಾಮಿಯ ಬಂಡೆಯಲ್ಲಿ ಪುಲಕೇಶಿಯದೇ ಶಾಸನ ಪತ್ತೆಯಾಯಿತು: ಬಾದಾಮಿಯ ಕೋಟೆಯನ್ನು ಅವನು ಕಟ್ಟಿಸಿದ್ದು ಶಕ 465ರಲ್ಲಿ, ಎಂದರೆ 543ರಲ್ಲಿ. ಆಳತೆಯ ತಾಮ್ರಪಟ ಹೇಳಿಕೊಳ್ಳುವ ದಿನಕ್ಕೂ ಇದಕ್ಕೂ ನಡುವೆ ಅರ್ಧ ಶತಮಾನಕ್ಕೂ ಮಿಕ್ಕ ಕಂದರ.

ಹಳೆಯದೆಂದು ನಂಬಿಸಲು ತಾಮ್ರ ಬಹಳ ಒಗ್ಗುವ ಲೋಹ. ಹಸಿನೆಲದಲ್ಲಿ ಹೂತಿದ್ದರೆ ಅದರ ಮೈಮೇಲೆ ಹಸಿರು ಕಿಲುಬು ಏರುತ್ತದೆ, ಕಿಲುಬಿನ ಅಡಿಯಲ್ಲಿ ಕೆಂಪು ಪೊರೆ ಇರುತ್ತದೆ. ಮನೆಯ ಸಂದೂಕದಲ್ಲಿ ಒಣಗಿದ್ದರೆ ಬರೇ ಕಂದು ಬಣ್ಣಕ್ಕೆ ಬಂದು ನಿಲ್ಲುತ್ತದೆ. ಓದಲು ಬರಲೆಂದು ಮನೆಯವರು ಹುಣಸೆಹಣ್ಣು ಹಾಕಿ ತಿಕ್ಕಿದರೆ ಐನೂರು ವರ್ಷದ ಪಟವೂ ಮೊನ್ನೆ ಕಂಚುಗಾರನ ಅಂಗಡಿಯಿಂದ ತಂದದ್ದರಂತೆ ಥಳಥಳಿಸುತ್ತದೆ. ಹುಳಿ, ಉಪ್ಪು, ತೇವ ಸೇರಿದರೆ ಕೆಲವೇ ದಿನಗಳಲ್ಲಿ ಹೊಸ ತಾಮ್ರಕ್ಕೂ ಹಸಿರೇರುತ್ತದೆ. ಹಾಗಾಗಿ ಬಣ್ಣ ನೋಡಿ ವಯಸ್ಸು ಹೇಳುವುದು ಬಲ್ಲವರ ರೀತಿಯಲ್ಲ. ಫ್ಲೀಟ್ ಮತ್ತು ಅವನ ಓರಗೆಯವರ ವರದಿಗಳನ್ನು ಓದಿದರೆ ಅವರ ಕಣ್ಣು ಎಲ್ಲಿತ್ತೆಂದು ತಿಳಿಯುತ್ತದೆ. ಹಲಗೆಗಳೆಷ್ಟು, ಅಂಚನ್ನು ಮಡಿಚಿ ಬರಹಕ್ಕೆ ಕಾಪು ಕೊಟ್ಟಿದ್ದಾರೆಯೇ, ಉಳಿಯ ಏಟು ಹಿಂಬದಿಗೆ ಮೂಡಿದೆಯೇ, ಹಲಗೆಗಳನ್ನು ಪೋಣಿಸಿದ ಬಳೆ ಎಷ್ಟು ದಪ್ಪ, ಮುದ್ರೆಯ ಮೇಲೆ ಏನಿದೆ. ಎಲ್ಲಕ್ಕಿಂತ ಹೆಚ್ಚಾಗಿ, ಶಾಸನ ಕೈಗೆ ಬಂದಾಗ ಬಳೆಯನ್ನು ಅದಾಗಲೇ ಯಾರಾದರೂ ಕತ್ತರಿಸಿದ್ದರೇ. ಈ ಕೊನೆಯ ಪ್ರಶ್ನೆಯನ್ನು ಅವರು ಬೇಸರವಿಲ್ಲದೆ ಪ್ರತಿಸಲವೂ ಕೇಳುತ್ತಿದ್ದರು. ಬಳೆ ಕತ್ತರಿಸಿದ್ದರೆ ಅಸಲಿ ಮುದ್ರೆಯನ್ನು ನಕಲಿ ಹಲಗೆಗೆ ತೊಡಿಸಿರಬಹುದು. ಹಳೆಯ ವಾಚಿನ ಕವಚದೊಳಗೆ ಬೇರೆ ಡಯಲು, ಬೇರೆ ಮುಳ್ಳು ಕೂರಿಸಿ ಮಾರುವ ಇಂದಿನ ವ್ಯಾಪಾರದಲ್ಲಿರುವುದೂ ಇದೇ ಸಂಶಯ.

ಖೊಟ್ಟಿ ಪಟ ಮಾಡುವ ಕಸುಬಿನ ಹಳೆತನ ಎಷ್ಟೆಂಬುದಕ್ಕೆ ಧರ್ಮಶಾಸ್ತ್ರಗಳೇ ಸಾಕ್ಷಿ. ಇಲ್ಲದ ಅಪರಾಧಕ್ಕೆ ಯಾರೂ ದಂಡನೆ ಬರೆಯುವುದಿಲ್ಲ. ಕೂಟಶಾಸನ, ಎಂದರೆ ಖೊಟ್ಟಿ ಶಾಸನ, ಮಾಡುವವನಿಗೆ ಮನುಸ್ಮೃತಿ ಮರಣದಂಡನೆ ವಿಧಿಸುತ್ತದೆ. ರಾಜ ಭೂದಾನ ಕೊಟ್ಟಾಗ ಬಟ್ಟೆಯ ಮೇಲೋ ತಾಮ್ರದ ಮೇಲೋ ಬರೆಯಿಸಿ, ವಂಶದವರ ಹೆಸರು, ಕಾಲ, ತನ್ನ ಮುದ್ರೆ ಎಲ್ಲವನ್ನೂ ಸೇರಿಸಬೇಕೆಂದು ಯಾಜ್ಞವಲ್ಕ್ಯ ಹೇಳುತ್ತಾನೆ. ಕಲ್ಯಾಣದಲ್ಲಿ ಕುಳಿತು ಅದಕ್ಕೆ ಮಿತಾಕ್ಷರಾ ಎಂಬ ವ್ಯಾಖ್ಯಾನ ಬರೆದ ವಿಜ್ಞಾನೇಶ್ವರನ ಕಾಲದಲ್ಲಿ ಕೊಲ್ಲಾಪುರದ ಶಿಲಾಹಾರರು ಅದೇ ಕಲ್ಯಾಣದ ಚಾಲುಕ್ಯರ ಸಾಮಂತರು. ಆ ಕಟ್ಟಳೆ ಇಲ್ಲಿಗೆ ಪರಕೀಯವೇನಲ್ಲ. ಉತ್ತರದಲ್ಲಿ ಹರ್ಷನ ಮಧುಬನ ತಾಮ್ರಪಟ ಇನ್ನೂ ಸ್ಪಷ್ಟ. ವಾಮರಥ್ಯನೆಂಬ ಬ್ರಾಹ್ಮಣ ಕೂಟಶಾಸನದ ಬಲದಿಂದ ಸೋಮಕುಂಡಕ ಎಂಬ ಹಳ್ಳಿಯನ್ನು ಅನುಭವಿಸುತ್ತಿದ್ದ. ರಾಜ ಆ ಪಟವನ್ನು ಮುರಿಸಿ ಹಳ್ಳಿಯನ್ನು ಬೇರೆಯವರಿಗೆ ಕೊಟ್ಟ. ಇದು ಏಳನೆಯ ಶತಮಾನದ ಮಾತು.

ಖೊಟ್ಟಿ ಮಾಡುವವನು ಎಡವುವುದು ಲೋಹದಲ್ಲಲ್ಲ, ಅಕ್ಷರದಲ್ಲಿ. ಕನ್ನಡ ಲಿಪಿ ಶತಮಾನದಿಂದ ಶತಮಾನಕ್ಕೆ ಮೆಲ್ಲನೆ ದುಂಡಗಾಗುತ್ತ ಬಂದಿತು. ಖ, ಬ ಮೊದಲಾದ ಕೆಲವು ಅಕ್ಷರಗಳ ಹಳೆಯ ಚೌಕ ರೂಪ ಹೋಗಿ ಹೊಸ ರೂಪ ನೆಲೆಗೊಂಡದ್ದು ಸುಮಾರು ಎಂಟನೆಯ ಶತಮಾನ ಮುಗಿದು ಒಂಬತ್ತು ಹುಟ್ಟುವ ಹೊತ್ತಿಗೆ ಎಂದು ಫ್ಲೀಟ್ ತೋರಿಸಿದ. ಐದನೆಯ ಶತಮಾನದ್ದೆಂದು ಹೇಳುವ ಪಟದಲ್ಲಿ ಆ ಹೊಸ ರೂಪದ ಅಕ್ಷರ ಒಂದೇ ಒಂದು ಸಲ ನುಸುಳಿದರೂ ಸಾಕು, ಕೆತ್ತಿದವನು ಯಾವ ಕಾಲದವನೆಂದು ಅದು ಹೇಳಿಬಿಡುತ್ತದೆ. ಅವನು ಹಳೆಯ ಅಕ್ಷರಗಳನ್ನು ನೋಡಿ ನೋಡಿ ಬರೆದಿರುತ್ತಾನೆ, ಆದರೆ ಕೈ ಬೇಸತ್ತ ಕ್ಷಣದಲ್ಲಿ ತನ್ನ ದಿನದ ಬರಹಕ್ಕೆ ಜಾರುತ್ತದೆ. ಕರ್ನಾಟಕದ ಬೇರೆ ಭಾಗಗಳಲ್ಲಿ ಇದಕ್ಕಿಂತ ಒರಟು ಪ್ರಯತ್ನಗಳೂ ನಡೆದಿವೆ. ಮಲೆನಾಡಿನ ಗೌಜ ಅಗ್ರಹಾರದ ಪಟ ಪಾಂಡವರ ವಂಶದ ಜನಮೇಜಯ ಸರ್ಪಯಾಗದ ವೇಳೆ ಕೊಟ್ಟದ್ದಂತೆ. ತೀರ್ಥಹಳ್ಳಿ ಸೀಮೆಯ ಭೀಮನಕಟ್ಟೆಯ ಪಟಕ್ಕೆ ಯುಧಿಷ್ಠಿರ ಶಕ 89 ಎಂಬ ದಿನಾಂಕ. ಗೌಜದ ಪಟದಲ್ಲಿ ಹೇಳಿದ ಸೂರ್ಯಗ್ರಹಣವನ್ನು ಇಂಗ್ಲೆಂಡಿನ ಖಗೋಳಶಾಸ್ತ್ರಜ್ಞ ಏರಿ ಲೆಕ್ಕ ಹಾಕಿದಾಗ ಹೊಂದಿದ ದಿನ 1521ರ ಏಪ್ರಿಲ್ 7. ಆ ಹೊಂದಾಣಿಕೆಯ ಬಗ್ಗೆ ಆಮೇಲೆ ವಾದವೆದ್ದಿತು, ಆದರೆ ದ್ವಾಪರದ ಅಂಚಿನ ರಾಜನಿಗೆ ನಾಗರಿ ಲಿಪಿಯನ್ನೂ ಮಧ್ಯಕಾಲದ ಬಿರುದುಗಳನ್ನೂ ತೊಡಿಸಿದ್ದರ ಬಗ್ಗೆ ವಾದಕ್ಕೆ ಎಡೆಯೇ ಇಲ್ಲ. ಜನಮೇಜಯನ ಪಟ ಮಾಡಿದವರು ತಮ್ಮ ಕಾಲಕ್ಕೆ ಅತ್ಯಂತ ಹಳೆಯದೆಂದು ಯಾವುದು ತೋರಿತೋ ಅದನ್ನು, ಎಂದರೆ ಮಹಾಭಾರತವನ್ನು, ಹಿಡಿದರು. ಆಳತೆಯವರು ಹಿಡಿದದ್ದು ಚಾಲುಕ್ಯರನ್ನು. ಇಂದಿನ ವಾಚಿನ ಹವ್ಯಾಸಿ ಹಿಡಿಯುವುದು 1960ರ ದಶಕವನ್ನು.

ಅಕ್ಷರದ ಈ ಪರೀಕ್ಷೆ ವಾಚಿನಲ್ಲೂ ನಡೆಯುತ್ತಿದೆ ಎಂಬುದನ್ನು ಇಲ್ಲೇ ಹೇಳಿಬಿಡಬಹುದು. ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ 1961ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಎಚ್‌ಎಂಟಿ ವಾಚಿನ ಕಾರ್ಖಾನೆಯನ್ನು ಮುಚ್ಚಲು ಕೇಂದ್ರ ಸರಕಾರ 2016ರಲ್ಲಿ ಒಪ್ಪಿಗೆ ಕೊಟ್ಟ ಮೇಲೆ ಹಳೆಯ ಎಚ್‌ಎಂಟಿಗಳಿಗೆ ಬೇಡಿಕೆ ಏರಿತು. ಸವೆದ ಡಯಲುಗಳಿಗೆ ಹೊಸದಾಗಿ ಬಣ್ಣ ಹಚ್ಚಿ, ಕಾರ್ಖಾನೆ ಎಂದೂ ಮಾಡದ ಬಣ್ಣಗಳಲ್ಲಿಯೂ ಜನತಾ, ಪೈಲಟ್ ಎಂಬ ಎಚ್‌ಎಂಟಿ ಮಾದರಿಗಳ ಹೆಸರು ಬರೆದು ಮಾರುವವರು ಹುಟ್ಟಿಕೊಂಡರು. ಇಲ್ಲಿ ಹಳೆಯದನ್ನು ಹೊಸದಾಗಿಸುವ ಉಲ್ಟಾ ಕೆಲಸ ನಡೆಯುತ್ತದೆ. ಆದರೆ ಅದನ್ನು ಪತ್ತೆ ಹಚ್ಚುವವರು ನೋಡುವುದು ಅಕ್ಷರದ ದಪ್ಪ, ಸಾಲಿನ ಸೊಟ್ಟ, ಕೆಳಗಂಚಿನ ಸಣ್ಣ ಬರಹ ಇದೆಯೋ ಇಲ್ಲವೋ ಎಂಬುದನ್ನು. ತಾವು ಫ್ಲೀಟನ ದಾರಿಯಲ್ಲೇ ನಡೆಯುತ್ತಿದ್ದೇವೆಂದು ಅವರಿಗೆ ಗೊತ್ತಿರಬೇಕಾದ್ದೂ ಇಲ್ಲ.

ಈಗ ಆಕ್ಷೇಪಗಳಿಗೆ ಬರೋಣ. ಮೊದಲನೆಯದು ತೂಕದ್ದು. ಖೊಟ್ಟಿ ಎಂದು ತಳ್ಳಿದ ಪಟಗಳಲ್ಲಿ ಹಲವು ನಿಜಕ್ಕೂ ಮರುಪ್ರತಿಗಳಿರಬಹುದು. ಮೂಲ ಸುಟ್ಟುಹೋಗಿರಬಹುದು, ಕಳವಾಗಿರಬಹುದು, ಮುರಿದಿರಬಹುದು. ಮೊಮ್ಮಕ್ಕಳು ತಮ್ಮ ಕಾಲದ ಅಕ್ಷರದಲ್ಲಿ ಅದೇ ಮಾತನ್ನು ಮತ್ತೆ ಕೆತ್ತಿಸಿರಬಹುದು. ಅದನ್ನು ಮೋಸ ಎನ್ನುವುದು ಹೇಗೆ? ಹೀಗೆ ನಡೆದದ್ದುಂಟು. ಅಸ್ಸಾಮಿನ ಅರಸ ಭಾಸ್ಕರವರ್ಮನ ನಿಧಾನಪುರ ತಾಮ್ರಪಟ ಅವನ ಮುತ್ತಜ್ಜನ ತಂದೆಯ ಕಾಲದ ದಾನದ ಮರುಪ್ರತಿ. ಹಳೆಯದು ಸುಟ್ಟುಹೋದದ್ದರಿಂದ ಹೊಸದಾಗಿ ಬರೆಯಿಸಿದ್ದು, ಹಾಗಾಗಿ ಅಕ್ಷರ ಬೇರೆ ಎಂದು ಆ ಪಟವೇ ಹೇಳುತ್ತದೆ. ನನ್ನ ಉತ್ತರ ಇದೇ ಉದಾಹರಣೆಯಲ್ಲಿದೆ. ಪ್ರಾಮಾಣಿಕವಾಗಿ ಮರುಬರೆಯಲು ಅಂದು ದಾರಿಯಿತ್ತು, ಮತ್ತು ಆ ದಾರಿ ಹಿಡಿದವರು ಅದನ್ನು ಬಚ್ಚಿಡಲಿಲ್ಲ. ಆಳತೆಯ ಪಟದಲ್ಲಿ ಅಂಥ ಮಾತಿಲ್ಲ, ಅದು ತಾನೇ ಮೂಲವೆಂಬಂತೆ ನಿಲ್ಲುತ್ತದೆ. ಇನ್ನು, ಅಲ್ಲಿ ತಪ್ಪಿರುವುದು ಅಕ್ಷರವಷ್ಟೇ ಅಲ್ಲ, ರಾಜನ ಕಾಲವೇ. ಮೂಲವನ್ನು ಮುಂದಿಟ್ಟುಕೊಂಡು ಪ್ರತಿ ಮಾಡುವವನು ಲಿಪಿಯನ್ನು ಬದಲಿಸಿಯಾನು, ವರ್ಷವನ್ನು ಅರ್ಧ ಶತಮಾನ ಹಿಂದಕ್ಕೆ ಒಯ್ಯಲಾರ. ದಾನ ನಿಜವಾಗಿ ನಡೆದಿತ್ತೆಂಬ ಊರ ನೆನಪು ಆ ಪಟದ ಹಿಂದೆ ಇದ್ದಿರಬಹುದು. ಅದನ್ನು ನಾನು ಅಲ್ಲಗಳೆಯುವುದಿಲ್ಲ. ನೆನಪಿಗೆ ದಾಖಲೆಯ ವೇಷ ತೊಡಿಸಿದ್ದು ಮಾತ್ರ ಬೇರೆಯೇ ಕೆಲಸ.

ಎರಡನೆಯ ಆಕ್ಷೇಪ ಫ್ಲೀಟನ ಮೇಲೆ. ಆಳುವವರ ಅಧಿಕಾರಿಗೆ ಉಂಬಳಿಗಳ ಮೇಲೆ ಸಂಶಯ ಪಡುವುದೇ ಉದ್ಯೋಗವಾಗಿತ್ತಲ್ಲವೇ ಎಂದು ಕೇಳಬಹುದು. ಧಾರವಾಡ, ಬೆಳಗಾವಿಗಳ ಕಡೆ 1843ರಲ್ಲಿ ಆರಂಭವಾದ ಇನಾಂ ತನಿಖೆ 1852ರ 11ನೆಯ ಕಾಯ್ದೆಯಿಂದ ದೊಡ್ಡ ಕಮಿಷನ್ನಾಗಿ ಬೆಳೆಯಿತು. ಯಾವ ಸನದು ಖರೆ, ಯಾವುದು ಖೊಟ್ಟಿ ಎಂದು ತೂಗುವುದೇ ಅದರ ಕೆಲಸ. ಖೊಟ್ಟಿಯೆಂದರೆ ಭೂಮಿ ಸರಕಾರಕ್ಕೆ. ಕೊಲ್ಲಾಪುರ ಸಂಸ್ಥಾನ ಆ ಕಾಯ್ದೆಯ ಹೊರಗಿದ್ದರೂ ಭೂಮಿಯ ಹಕ್ಕಿನ ಉರಿ ಇಲ್ಲಿಗೂ ತಟ್ಟಿತ್ತು. ಗಡಹಿಂಗ್ಲಜ ಸಮೀಪದ ಸಾಮಾನಗಡದ ಗಡಕರಿಗಳು ತಲೆಮಾರುಗಳಿಂದ ಕೋಟೆ ಕಾಯುವ ಚಾಕರಿಗೆ ಪಡೆದಿದ್ದ ಜಮೀನುಗಳನ್ನು ಮಾಮಲೇದಾರರ ಆಡಳಿತಕ್ಕೆ ಒಪ್ಪಿಸಿದಾಗ, 1844ರಲ್ಲಿ ಅವರು ಬಾಗಿಲು ಹಾಕಿಕೊಂಡು ಬಂಡೆದ್ದರು. ಬಂಡಾಯ ಭೂಧರಗಡಕ್ಕೂ ಹಬ್ಬಿತು, ಅಕ್ಟೋಬರಿನಲ್ಲಿ ಬ್ರಿಟಿಷ್ ಸೈನ್ಯ ಸಾಮಾನಗಡವನ್ನು ಹಿಡಿಯಿತು. ಹೀಗಿರುವಾಗ ಫ್ಲೀಟನ ಸಂಶಯವನ್ನು ನಿರ್ಮಲ ಪಾಂಡಿತ್ಯವೆಂದು ಕೈಮುಗಿಯಬೇಕಾಗಿಲ್ಲ. ಅವನು ಅತಿಯಾಗಿ ಸಂಶಯಪಟ್ಟದ್ದೂ ನಿಜ. ಗಂಗರ ಆರಂಭದ ಪಟಗಳನ್ನು ಅವನು ಇಡಿಯಾಗಿ ಖೊಟ್ಟಿಯೆಂದ, ಮೈಸೂರಿನ ಬಿ.ಎಲ್. ರೈಸ್ ಅವುಗಳ ಪರವಾಗಿ ದಶಕಗಳ ಕಾಲ ವಾದಿಸಿದ. ಕೊಡಗಿನ ಮಡಿಕೇರಿಯ ಅವಿನೀತನ ಪಟದ ವಿಷಯದಲ್ಲಿ ಫ್ಲೀಟನ ಮಾತಿಗೆ ಬೆಂಬಲ ಹೆಚ್ಚು. ಆದರೆ ಪೆನುಕೊಂಡದಲ್ಲಿ ಸಿಕ್ಕ ಗಂಗ ಅರಸ ಮಾಧವನ ಪಟ ಬಂದಾಗ ಫ್ಲೀಟ್ ತಾನೇ ಅದನ್ನು ಐದನೆಯ ಶತಮಾನದ ಅಸಲಿಯೆಂದು ಒಪ್ಪಿಕೊಂಡ. ಹಾಗೆ ಒಪ್ಪುವಂತೆ ಮಾಡಿದ್ದೂ ಅಕ್ಷರಗಳೇ. ಒರೆಗಲ್ಲು ಹಿಡಿದ ಕೈ ಯಾರದೇ ಇರಲಿ, ಆ ಒರೆಗಲ್ಲು ಅವನ ಹಟದ ವಿರುದ್ಧವೂ ತೀರ್ಪು ಕೊಟ್ಟಿತು. ಅಷ್ಟು ಸಾಕು ನನಗೆ. ಮೇಲಾಗಿ ಕನ್ನಡಿಗ ವಿದ್ವಾಂಸರೂ ಅದೇ ಒರೆಗಲ್ಲನ್ನು ಹಿಡಿದರು. ಕೊಲ್ಲಾಪುರದ ರಾಜಾರಾಮ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ ಕೆ.ಜಿ. ಕುಂದಣಗಾರರು 1939ರಲ್ಲಿ ಹೊರತಂದ ಉತ್ತರ ಕರ್ನಾಟಕ ಮತ್ತು ಕೊಲ್ಲಾಪುರ ಸಂಸ್ಥಾನದ ಶಾಸನಸಂಪುಟ ಈ ಸೀಮೆಯ ಶಾಸನಗಳನ್ನು ಅಕ್ಷರ ಅಕ್ಷರವಾಗಿ ಓದಿಸಿತು.

ಕೊಲ್ಲಾಪುರದಲ್ಲೇ ಹೊರಮೈಯ ಮಿತಿಯನ್ನು ತೋರಿಸುವ ಇನ್ನೊಂದು ಪ್ರಕರಣವಿದೆ, ಮತ್ತು ಅದರಲ್ಲಿ ಮೋಸಗಾರನೇ ಇಲ್ಲ. ಪಂಚಗಂಗೆಯ ದಂಡೆಯ ಬ್ರಹ್ಮಪುರಿ ದಿನ್ನೆಯಲ್ಲಿ 1940ರ ದಶಕದ ನಡುವಿನಲ್ಲಿ ಕಂಚಿನ ವಸ್ತುಗಳ ಒಂದು ರಾಶಿ ಸಿಕ್ಕಿತು, 1945-46ರಲ್ಲಿ ಎಚ್.ಡಿ. ಸಾಂಕಳಿಯಾ ಮತ್ತು ಎಂ.ಜಿ. ದೀಕ್ಷಿತ್ ಅಲ್ಲಿ ಉತ್ಖನನ ನಡೆಸಿದರು. ರಾಶಿಯಲ್ಲಿದ್ದ ಸಮುದ್ರದೇವತೆ ಪೊಸೈಡನ್‌ನ ಪುಟ್ಟ ಮೂರ್ತಿ ಹೆಸರುವಾಸಿಯಾಯಿತು, ಮತ್ತು ಅದರ ಜೊತೆಗಿದ್ದವನ್ನೆಲ್ಲ ರೋಮಿನಿಂದ ಬಂದ ಸರಕೆಂದು ಬಹುಕಾಲ ಎಣಿಸಿದರು. 1991ರಲ್ಲಿ ರಿಚರ್ಡ್ ಡಿ ಪ್ಯೂಮಾ ಅವನ್ನು ಒಂದೊಂದಾಗಿ ಪರೀಕ್ಷಿಸಿ, ಮೂರ್ತಿ ಮತ್ತು ಒಂದು ಹೂಜಿಯಂಥ ಕೆಲವೇ ವಸ್ತುಗಳು ರೋಮಿನವು, ಉಳಿದ ಬಹುಪಾಲು ಭಾರತದಲ್ಲೇ ಆದವು ಎಂದು ತೋರಿಸಿದ. ಒಂದೇ ಕಡೆ ಹೂತಿದ್ದರಿಂದ ಎಲ್ಲದರ ಮೇಲೂ ಅದೇ ನೆಲದ ಕಿಲುಬು ಏರಿತ್ತು. ಬೇರೆ ಬೇರೆ ಮಾಡಿದ್ದು ಆಕಾರ, ಹಿಡಿಕೆಯ ಕೆಲಸ, ಅಲಂಕಾರದ ಜಾಡು. ಕಿಲುಬು ಹೇಳುವುದು ವಸ್ತು ಎಲ್ಲಿ ಮಲಗಿತ್ತೆಂಬುದನ್ನು ಮಾತ್ರ, ಎಲ್ಲಿ ಹುಟ್ಟಿತೆಂಬುದನ್ನಲ್ಲ.

ಹಾಗಾದರೆ ಹಳಮೆ ಹಚ್ಚುವುದೆಲ್ಲ ಅಪರಾಧವೇ? ಅಲ್ಲ, ಮತ್ತು ಇದೇ ಮೂರನೆಯ ಆಕ್ಷೇಪ. ಅದೇ ಹಾತಕಣಂಗಲೆ ತಾಲ್ಲೂಕಿನ ಹುಪರಿ ಬೆಳ್ಳಿ ಆಭರಣಕ್ಕೆ ಹೆಸರಾದ ಊರು. ಬೆಳ್ಳಿಯ ಮೇಲೆ ಗಂಧಕದ ಲವಣ ಹಾಕಿ ಕಪ್ಪು ತಂದು, ಉಬ್ಬಿದ ಭಾಗವನ್ನಷ್ಟೇ ಉಜ್ಜಿ, ತಗ್ಗಿನಲ್ಲಿ ಕಪ್ಪನ್ನು ಉಳಿಸುವ ಆಕ್ಸಿಡೈಸ್ಡ್ ಕೆಲಸ ಈಗ ಆಭರಣದ ಪೇಟೆಗಳಲ್ಲೆಲ್ಲ ಮಾಮೂಲು. ಅಜ್ಜಿಯ ಪೆಟ್ಟಿಗೆಯಿಂದ ಬಂದದ್ದರಂತೆ ಕಾಣುವ ಕಾಲ್ಗೆಜ್ಜೆಯನ್ನು ಕೊಳ್ಳುವವಳಿಗೆ ಅದು ಈ ವರ್ಷದ್ದೆಂದು ಗೊತ್ತು, ಮಾರುವವನೂ ಮುಚ್ಚಿಡುವುದಿಲ್ಲ. ಅಲ್ಲಿ ಕಪ್ಪು ಒಂದು ಬಣ್ಣ ಮಾತ್ರ. ವಾಚಿನ ಹವ್ಯಾಸಿಯೂ ತನ್ನ ಮಣಿಕಟ್ಟಿಗೆಂದು ಬ್ಲೀಚಿನಲ್ಲಿ ಅದ್ದುವವರೆಗೆ ಇದೇ ಗುಂಪಿನವನು. ಅವನ ಗೀರುಗಳು ಚಂದವಾಗಿವೆಯೋ ಇಲ್ಲವೋ ಎಂದಷ್ಟೇ ಕೇಳಬಹುದು. (ಬಹಳ ಸಲ ಚಂದವಾಗಿರುವುದಿಲ್ಲ. ನಿಜವಾದ ಸವೆತ ಕೈ ತಾಗುವ ಕಡೆ ಕೂಡುತ್ತದೆ, ಇವರದು ಎಲ್ಲ ಕಡೆ ಒಂದೇ ಸಮ.) ಬಣ್ಣ ಹೇಳಿಕೆಯಾಗುವುದು ವಸ್ತು ಕೈ ಬದಲಿಸುವಾಗ. ಕೊಳ್ಳುವವನು ಆ ಮುಪ್ಪಿಗೆ ಹಣ ಕೊಡುತ್ತಿದ್ದರೆ, ಅಥವಾ ಆ ಮುಪ್ಪಿನ ಬಲದಿಂದ ಊರೊಂದರ ಕಂದಾಯ ಯಾರಿಗೆ ಸೇರಬೇಕೆಂದು ತೀರ್ಮಾನವಾಗುತ್ತಿದ್ದರೆ, ಅಲ್ಲಿ ಅದು ಅಲಂಕಾರವಲ್ಲ. ಆದರೂ ನನ್ನ ವಾದ ಎರಡೂ ಗುಂಪಿಗೆ ಅನ್ವಯಿಸುತ್ತದೆ: ನೂರು ವರ್ಷದ ಮೇಲೆ ಹುಪರಿಯ ಕಪ್ಪು ಗೆಜ್ಜೆಯನ್ನು ಯಾರಾದರೂ ಪರೀಕ್ಷಿಸಿದರೆ ಇಪ್ಪತ್ತೊಂದನೆಯ ಶತಮಾನದವರು ಅಜ್ಜಿಯ ಕಾಲವನ್ನು ಹೇಗೆ ಕಲ್ಪಿಸಿಕೊಂಡಿದ್ದರೆಂದು ತಿಳಿದುಕೊಂಡಾರು, ಅಜ್ಜಿಯ ಬಗ್ಗೆ ಏನೂ ತಿಳಿಯಲಾರರು.

ಇದೇ ಕಾರಣಕ್ಕೆ ಖೊಟ್ಟಿ ಪಟಗಳನ್ನು ಚರಿತ್ರೆಯ ಕಸವೆಂದು ಎಸೆಯುವವರ ಜೊತೆಗೂ ನಾನಿಲ್ಲ. 489ರ ಸಾಕ್ಷಿಯಾಗಿ ಆಳತೆಯ ಪಟಕ್ಕೆ ಬೆಲೆಯಿಲ್ಲ. ಅದನ್ನು ಕೆತ್ತಿದ ಕಾಲದ ಸಾಕ್ಷಿಯಾಗಿ ನೋಡಿದರೆ ಅದು ಬಾಯಿಬಿಡುತ್ತದೆ. ಆ ಹೊತ್ತಿಗೆ ಆಳತೆಯಲ್ಲಿ ಒಂದು ಜಿನಾಲಯವಿತ್ತು, ಅದಕ್ಕೆ ಕಾಪಾಡಿಕೊಳ್ಳಬೇಕಾದ ಭೂಮಿಯಿತ್ತು, ಆ ಭೂಮಿಯ ಮೇಲೆ ಬೇರೆಯವರ ಕಣ್ಣಿತ್ತು. ತಕರಾರಿಲ್ಲದ ಹೊಲಕ್ಕೆ ಯಾರೂ ಹಳೆಯ ಪಟ ಮಾಡಿಸುವುದಿಲ್ಲ. ತಕರಾರನ್ನು ಗೆಲ್ಲಲು ಹತ್ತಿರದ ರಾಜನ ಹೆಸರು ಸಾಲದೆ ಬಾದಾಮಿಯವರೆಗೆ ಹೋಗಬೇಕಾಯಿತೆಂದರೆ, ಎದುರಾಳಿಯ ಕೈಯಲ್ಲೂ ಸಾಕಷ್ಟು ಹಳೆಯ ದಾಖಲೆಯೇ ಇದ್ದಿರಬೇಕು. ಇನ್ನೊಂದು ಮಾತೂ ಇದೆ. ಜಯಸಿಂಹ, ರಣರಾಗ, ಪುಲಕೇಶಿ ಎಂಬ ಸಾಲು ಊರಿನವರ ಬಾಯಲ್ಲಿ ತಾನಾಗಿ ಉಳಿಯುವಂಥದ್ದಲ್ಲ. ಅದು ಚಾಲುಕ್ಯರ ಬರಹಗಳಲ್ಲಿ ಬರುವ ಸಾಲು. ಕೆತ್ತಿದವನಿಗೆ ಅದು ಸಿಕ್ಕಿದ್ದು ಬಹುಶಃ ಇನ್ನೊಂದು ಪಟದಿಂದ, ಕಣ್ಣೆದುರಿಗಿದ್ದ ಚಾಲುಕ್ಯರ ಅಸಲಿ ದಾನಪತ್ರದಿಂದ. ಆ ಅಸಲಿ ಯಾವುದು, ಅದು ಆಳತೆಯದೇ ಆಗಿತ್ತೋ ಕುಹುಂಡಿ ಸೀಮೆಯ ಬೇರೊಂದು ಬಸದಿಯದೋ ಎಂಬ ಪ್ರಶ್ನೆಗೆ, ಖೊಟ್ಟಿ ಪಟದ ಒಂದೊಂದು ಪದವನ್ನೂ ಉಳಿದ ಚಾಲುಕ್ಯ ಶಾಸನಗಳ ಪಕ್ಕದಲ್ಲಿಟ್ಟು ಓದಿದರೆ ಜಾಡು ಸಿಕ್ಕೀತು.